ಮೆಹಬೂಬಕ್ಕನ ಮೂರೂವರೆ ಗಂಟೆ

ಮೆಹಬೂಬ್ ಬೀ ನಮ್ಮ ಪಕ್ಕದ ಮನೆಯವಳು. ಚಿಕ್ಕನಾಯಕನಹಳ್ಳಿಯ ನಮ್ಮ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದವಳು ಅವಳೇ. ಟೇಪು ಹಿಡಿಯುವ ಮೊದಲೇ, ‘ಈ ವರ್ಷ ದಪ್ಪ ಆಗಿದೀಯ ಕಣೇ ಶಾಂತಾ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ನಲವತ್ತು ವರ್ಷದಲ್ಲಿ ಹಿಡಿದ ರೋಜಾ ಉಪವಾಸ ಒಂದನ್ನೂ ನಡುವೆ ಮುರಿದವಳಲ್ಲ. ಸೂರ್ಯ ಮುಳುಗುವುದು ನಮ್ಮ ಬೀದಿಗೆ ಕಾಣುವುದಿಲ್ಲ, ನಮ್ಮ ತೆಂಗಿನ ತೋಟ ಅಡ್ಡ. ಮಸೀದಿಯ ಸೈರನ್ ಕೂಗಿದರೆ ಸೈ, ನಾನು ಕೊಟ್ಟ ಕೊಬ್ಬರಿ ಚೂರು ಬಾಯಿಗೆ. ಖರ್ಜೂರ ಆಮೇಲೆ.

ಹೋದ ರಂಜಾನಿನಲ್ಲಿ ತಮ್ಮ ಇಜಾಜ್ ಜೊತೆ ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟಳು. ವಿಮಾನದ ಟಿಕೆಟ್ ಓದೆಂದು ನನ್ನ ಕೈಗೆ ಕೊಟ್ಟಳು. ಬೆಂಗಳೂರು ಮಧ್ಯಾಹ್ನ ಎರಡೂವರೆ, ಜೆಡ್ಡಾ ಸಂಜೆ ಆರು.

‘ಎಷ್ಟ್ ಹೊತ್ತಾಯ್ತದೆ ಶಾಂತಾ?’

‘ಮೂರೂವರೆ ಗಂಟೆ ಕಣಕ್ಕ. ತುಮಕೂರಿಗೆ ಹೋಗ್ ಬಂದಂಗೆ. ಇಳಿದ ಮೇಲೇ ರೋಜಾ ಬುಡು.’

ಅಷ್ಟರಲ್ಲಿ ಮುಟ್ಟುವುದಿಲ್ಲ, ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲಿದೆ ಎಂದ ಇಜಾಜ್. ಅವನು ಮೆಕ್ಯಾನಿಕ್. ‘ಇಮಾನ ಅಂದ್ರೆ ನಿನ್ ಗ್ಯಾರೇಜಿನ ಲೂನಾನಾ?’ ಎಂದು ಬಾಯಿ ಮುಚ್ಚಿಸಿದೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ಪ್ರಯಾಣದ ದಿನ ರೋಜಾ ಹಿಡಿಯದೆ ಬಿಡಬಹುದು, ಸಕ್ಕರೆ ಕಾಯಿಲೆ ಬೇರೆ ಇದೆ ಎಂದು ಅವನು ಅಂಗಲಾಚಿದ. ಮೂರೂವರೆ ಗಂಟೆಗೆಲ್ಲ ಯಾರು ಬಿಡ್ತಾರೆ ಎಂದು ಹಿಡಿದೇಬಿಟ್ಟಳು. ಕೊಬ್ಬರಿ ಚೂರು ಅವಳ ಸೆರಗಿಗೆ ಕಟ್ಟಿದವಳೂ ನಾನೇ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಎಂಬುದು ಈ ಮಂಡೆಗೆ ಹೊಳೆಯಲೇ ಇಲ್ಲ. ದಾರಿ ಆರು ಗಂಟೆಯದು. ವಿಮಾನ ಪಡುವಣಕ್ಕೆ, ಸೂರ್ಯನ ಬೆನ್ನು ಹತ್ತಿ ಓಡುತ್ತಿತ್ತು. ಕಿಟಕಿ ಮುಚ್ಚಿ ಒಳಗೆಲ್ಲ ಕತ್ತಲು ಮಾಡಿದ್ದರು, ಇಜಾಜ್ ನಿದ್ದೆಹೋಗಿದ್ದ. ಅವಳ ಕೈಗಡಿಯಾರ ಆರೂ ಮೂವತ್ತೈದು ತೋರಿಸಿತು. ಊರಲ್ಲಿ ಸೈರನ್ ಆಗಿರುತ್ತದೆ ಅಂದುಕೊಂಡು ಬಿಸ್ಮಿಲ್ಲಾ ಎಂದು ಕೊಬ್ಬರಿ ತಿಂದಳು. ಜೆಡ್ಡಾ ಬಂತೇನೋ ಎಂದು ಕಿಟಕಿ ಸರಿಸಿದರೆ ಸೂರ್ಯ ಇನ್ನೂ ಮಾರುದ್ದ ಮೇಲೆ ನಿಂತಿದ್ದ. ಅಲ್ಲಿ ಅಡ್ಡಕ್ಕೆ ಒಂದು ತೆಂಗಿನಮರವೂ ಇರಲಿಲ್ಲ.

ಗೊತ್ತಿಲ್ಲದೆ ಆದದ್ದು, ಪಾಪ ಬರುವುದಿಲ್ಲ ಎಂದು ಇಜಾಜ್ ಎಷ್ಟು ಹೇಳಿದರೂ ಇಳಿಯುವ ತನಕ ಅತ್ತಳಂತೆ.

ಊರಿಗೆ ಬಂದವಳು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೋದ ರೋಜಾಕ್ಕೆ ಬದಲಾಗಿ ಇನ್ನೊಂದು ಹಿಡಿಯಬೇಕು ಎಂದಳು.

‘ತಪ್ಪು ನಂದು ಕಣಕ್ಕ. ನಾನೂ ಹಿಡೀತೀನಿ.’

‘ಶಿವರಾತ್ರಿಲೇ ಮಧ್ಯಾಹ್ನಕ್ಕೆ ಬಾಳೆಹಣ್ಣು ನುಂಗೋಳು ನೀನು!’ ಎಂದು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅವಳ ಜೊತೆ ನಾನೂ ಹಿಡಿದೆ, ಗುಟುಕು ನೀರೂ ಇಲ್ಲದೆ. ಸಂಜೆ ಅಜಾನ್ ಕೂಗಿತು. ಮೆಹಬೂಬಕ್ಕ ಕೊಬ್ಬರಿ ಕೈಯಲ್ಲೇ ಹಿಡಿದು ಕೂತಳೇ ಹೊರತು ಆ ಕೂಗು ನಂಬಿ ತಿನ್ನಲಿಲ್ಲ. ನಾನು ತಾರಸಿ ಹತ್ತಿದೆ.

‘ಮುಳುಗ್ತಾ ಶಾಂತಾ?’ ಎಂದು ಕೆಳಗಿನಿಂದ ಕೂಗಿದಳು. ಇಷ್ಟಾದರೂ ನನ್ನನ್ನೇ ಕೇಳುತ್ತಿದ್ದಾಳಲ್ಲ ಎಂದು ಕಣ್ಣು ತುಂಬಿಬಂತು. ಈ ಸಲ ಲೆಕ್ಕ ಹಾಕಲಿಲ್ಲ. ಕಣ್ಣೊರೆಸಿಕೊಂಡು, ತೋಟದಾಚೆ ಕೊನೆಯ ಚೂರು ಇಳಿಯುವ ತನಕ ನಿಂತು ನೋಡಿದೆ.

‘ಮುಳುಗ್ತು ಕಣಕ್ಕ. ತಿನ್ನು.’