ಮಾಣಿಕಪ್ಪನ ನೆರಳು, ಸಾವಿತ್ರಿಬಾಯಿಯ ರೊಟ್ಟಿ

ಠಣ್. ಸೂರಿನ ತಗಡಿನ ಮೇಲೊಂದು ಕಾಯಿ. ಸ್ವಲ್ಪ ಹೊತ್ತು ಬಿಟ್ಟು ಅಂಗಳದ ಫರಸಿಕಲ್ಲಿನ ಮೇಲೆ ಇನ್ನೊಂದು, ಟಪ್. ಸಾವಿತ್ರಿಬಾಯಿ ತಲೆಯೆತ್ತುವುದಿಲ್ಲ. ಎತ್ತಿದರೆ ಬಾದಾಮಿ ಗಿಡಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆ.

ಕಲಬುರಗಿಯ ಕೋಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ನಾಲ್ಕು ಹಗ್ಗದ ಹೊರಸು ಹಾಕಿದರೆ ತುಂಬುವ ಅಂಗಳ, ಅದರ ತುಂಬ ಆ ಗಿಡ. ಕಾಯಿ ಒಡೆಯಲು ಕಲ್ಲು ಬೇಕು, ಬೆರಳು ಜಜ್ಜಿಕೊಳ್ಳಬೇಕು, ಕೊನೆಗೆ ಸಿಗುವುದು ಇಲಿಯ ಹಲ್ಲಿನಷ್ಟು ತಿರುಳು. ಇಪ್ಪತ್ತು ವರ್ಷ ನೀರು ಕುಡಿದು ಇಷ್ಟು ಕೊಡುವ ಗಿಡವನ್ನು ದಾರಿಯಲ್ಲಿ ಹೋಗುವವರೆಲ್ಲ ಹೊಗಳುತ್ತಾರೆ. ಈ ಅಂಗಳ ಅವರೇನೂ ಗುಡಿಸಬೇಕಾಗಿಲ್ಲವಲ್ಲ.

ಎಲ್ಲರಿಗಿಂತ ಹೆಚ್ಚು ಹೊಗಳುವವನು ಗಂಡ ಮಾಣಿಕಪ್ಪ. ನೆಹರು ಗಂಜ್ ಮಾರುಕಟ್ಟೆಯ ದಾಲ್ ಮಿಲ್ಲಿನಲ್ಲಿ ವಾಚ್‌ಮನ್ ಆಗಿದ್ದವನು ಈಗ ನೆರಳನ್ನು ಕಾಯುತ್ತಾನೆ. ಕಾಯುವುದೆಂದರೆ ಅದರಡಿ ಮಲಗುವುದು.

ಮನೆ ನಡೆಯುವುದು ಅವಳ ಖಡಕ್ ರೊಟ್ಟಿಯಿಂದ. ಕಮಲಾಪುರದಲ್ಲಿ ಖಾನಾವಳಿ ನಡೆಸುವ ಕಸ್ತೂರಿಬಾಯಿ ಇಂದು ಸಂಜೆಯ ಬಸ್ಸಿಗೆ ನೂರು ರೊಟ್ಟಿ ಕೇಳಿದ್ದಳು. ಮುರಿಯದೆ ಬಂದರೆ ಇನ್ನು ವಾರವಾರ ನಿನ್ನವೇ, ಎಂದಿದ್ದಳು. ಸುಟ್ಟ ರೊಟ್ಟಿ ಹೊರಸಿನ ಮೇಲೆ ಗಾಳಿಗೆ ಆರಬೇಕು. ಮೇಲಿಂದ ಕಾಯಿ.

"ಆ ಟೊಂಗಿ ಕಡೀರಿ," ಎಂದಿದ್ದಳು ನಾಲ್ಕು ದಿನದ ಹಿಂದೆ.

"ಕಡಿಯೂದ್ಯಾಕ? ನನ್ನ ತಲಿ ಅದ ಅಲ್ಲ."

ಆ ತಲೆ, ಅವಳ ಎರಡು ಹಳೆಯ ಸೀರೆ ಜೋಡಿಸಿ, ಟೊಂಗೆಯಿಂದ ತಗಡಿನ ಅಂಚಿಗೆ ಕಟ್ಟಿತು. ಕಾಯಿ ಸೀರೆಯಲ್ಲಿ ಬಿದ್ದವು. ಬಿದ್ದವನ್ನು ತೆಗೆಯಬೇಕೆಂಬುದು ಮಾತ್ರ ಅದಕ್ಕೆ ಹೊಳೆಯಲಿಲ್ಲ. ಸೀರೆ ಗಬ್ಬದ ಆಡಿನ ಹೊಟ್ಟೆಯಂತೆ ಜೋತುಬಿತ್ತು. ಸಾವಿತ್ರಿಬಾಯಿ ಹಟಕ್ಕೆ ಮೇಲೆ ನೋಡಲಿಲ್ಲ.

ಇಂದು ಬೆಳಿಗ್ಗೆ ರೊಟ್ಟಿಯೆಲ್ಲ ಹರವಿ ಕೈ ಒರೆಸಿಕೊಳ್ಳುತ್ತಿದ್ದಳು. ಮಾಣಿಕಪ್ಪ ಚಹಾ ಕುಡಿಯುತ್ತ ಬಂದ.

"ನೋಡು, ನಾಕ ದಿನದಾಗ ಒಂದರೆ ಕೆಳಗ ಬಿದ್ದದೇನು?" ಎಂದು ಹೆಮ್ಮೆಯಿಂದ ಸೀರೆಯ ಆ ಹೊಟ್ಟೆಗೆ ಕೆಳಗಿನಿಂದ ತಟ್ಟಿದ.

ಗಂಟು ಬಿಚ್ಚಿತು. ನಾಲ್ಕು ದಿನದ ಕಾಯಿ ಒಮ್ಮೆಗೇ ಸುರಿದವು.

ಹೊರಸಿನ ಮೇಲೆ ಈಗ ರೊಟ್ಟಿಗಿಂತ ಚೂರೇ ಹೆಚ್ಚು. ಮಾಣಿಕಪ್ಪ ಕಪ್ಪು ಹಿಡಿದು ನಿಂತೇ ಇದ್ದ.

"ಮೊಸರಾಗ ಕಲಸಿದ್ರ ಚೂರೂ ಛಂದ ಆಗ್ತಾವ," ಎಂದ.

"ಆಗ್ತಾವ್ರಿ. ನೀವೇ ಕಮಲಾಪುರಕ್ಕ ಹೋಗಿ ಕಸ್ತೂರಿಬಾಯಿಗಿ ತಿನ್ನಿಸಿ ಬರ್ರಿ."

ಸದ್ದಿಗೆ ಪಕ್ಕದ ಮನೆಯ ಮಸ್ತಾನಬಿ ಗೋಡೆಯ ಮೇಲಿಂದ ಇಣುಕಿದಳು. ನೋಡಿದಳು. ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಸಾವಿತ್ರಿ ಆಪಾ, ಸಂಜಿ ಬಸ್ಸಿಗಿ ಇನ್ನಾ ಟೈಮ್ ಅದ. ಹಿಟ್ಟು ತಗೊಂಡು ನಮ್ಮ ಮಾಳಗಿ ಮ್ಯಾಲ ಬಾ. ಅಲ್ಲಿ ಬಿಸಲು ಬಿಟ್ರ ಏನೂ ಬೀಳಂಗಿಲ್ಲ."

ಸಾವಿತ್ರಿಬಾಯಿ ಹಿಟ್ಟು ತುಂಬಿದ ಅಗಲ ಪರಾತ ಸೊಂಟಕ್ಕೇರಿಸಿಕೊಂಡಳು, ಹಂಚನ್ನು ಇನ್ನೊಂದು ಕೈಯಲ್ಲಿ ಹಿಡಿದಳು.

"ನನ್ನ ಊಟಾ?" ಎಂದ ಮಾಣಿಕಪ್ಪ.

ಅವಳು ಬಾಗಿಲು ದಾಟುತ್ತಿದ್ದಳು. "ನಿಮ್ಮ ಗಿಡಕ್ಕ ಕೇಳ್ರಿ. ಇಷ್ಟು ವರ್ಷ ಅದನ್ನ ಹೊಗಳೀರಿ, ಒಂದು ದಿನ ಅದು ನಿಮಗ ಉಣ್ಣಾಕ ನೀಡ್ಲಿ."