ಪರದೆಯ ಮೇಲೆ ಅಮ್ಮ

ಶಿಡ್ಲಘಟ್ಟದ ಕಡೆಯ ನಮ್ಮೂರ ಶಾಲೆಗೆ ದೊಡ್ಡ ಪರದೆ ಬಂದ ಹೊಸತು ಅದು. ಪಾಠಕ್ಕಿಂತ ಅದರ ಹೊಸ ಪ್ಲಾಸ್ಟಿಕ್ ವಾಸನೆಯೇ ನಮಗೆ ಹೆಚ್ಚು ಇಷ್ಟ. ವಿಜ್ಞಾನದ ಮಿಸ್‌ಗಂತೂ ಎಲ್ಲಿಲ್ಲದ ಹುರುಪು, ನಮಗೊಂದು ಪ್ರಾಜೆಕ್ಟು ಕೊಟ್ಟರು. ಮನೆಯ ಕಸುಬಿನ ಬಗ್ಗೆ ನಾವು ಮೊಬೈಲಿನಲ್ಲಿ ಹುಡುಕಿ ಓದಿ, ಪ್ರಶ್ನೆ ಬರೆದುಕೊಳ್ಳಬೇಕು. ಅಪ್ಪನೋ ಅಮ್ಮನೋ ವಿಡಿಯೊ ಕಾಲಿನಲ್ಲಿ ಇಡೀ ತರಗತಿಗೆ ಉತ್ತರ ಹೇಳಬೇಕು.

ನಾನು ರೇಷ್ಮೆ ಹುಳುವಿನ ರೋಗಗಳನ್ನು ಆರಿಸಿಕೊಂಡೆ. ಆದರೆ ಹುಳುಮನೆಗೆ ಹೊರಗಿನವರನ್ನು ಬಿಡುವ ರೂಢಿ ನಮ್ಮಲ್ಲಿಲ್ಲ. ನಾವೇ ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋಗುತ್ತಿದ್ದೆವು.

“ಅಷ್ಟೊಂದು ಮಕ್ಕಳ ಕಣ್ಣು ಬೀಳ್ತೈತೆ ಕಣೇ, ಬ್ಯಾಡ” ಎಂದರು ಅಜ್ಜಿ.

“ಫೋನಲ್ಲಿ ತಾನೆ ಅತ್ತೆ? ಮಗು ಆಸೆಪಟ್ಟು ಕೇಳ್ತಾವ್ಳೆ” ಎಂದಳು ಅಮ್ಮ.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪು ಮುಕ್ಕುತ್ತಿದ್ದ ದಿನಗಳು. ಪರದೆಯ ಮೇಲೆ ಅಮ್ಮ ಹಬ್ಬದ ಸೀರೆಯುಟ್ಟು ಗೋಡೆಯಷ್ಟು ದೊಡ್ಡವಳಾಗಿ ಕಂಡಾಗ ನಾನು ಬೀಗಿದೆ. ಆಗಲೇ ಅವಳ ಹಿಂದೆ ಹುಳು ಸಾಕುವ ತಟ್ಟೆಯ ಅಂಚಿನಲ್ಲಿ ಅವು ಕಂಡವು. ಊದಿಕೊಂಡು, ಹಳದಿ ತಿರುಗಿ, ಸೊಪ್ಪು ಬಿಟ್ಟು ಸುಮ್ಮನೆ ಅಲೆಯುತ್ತಿದ್ದ ಹುಳುಗಳು. ಹಾಲುತೊಂಡೆ ರೋಗ. ಅದೇ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ದೆ, ಇಡೀ ಬೆಳೆಯೇ ಹೋಗಬಹುದು ಎಂದೂ ಓದಿದ್ದೆ.

ಅಮ್ಮನೂ ತಿರುಗಿ ನೋಡಿದಳು. ಮತ್ತೆ ನಕ್ಕು, ಫೋನನ್ನು ಮೆಲ್ಲಗೆ ಬೇರೆ ತಟ್ಟೆಯ ಕಡೆ ತಿರುಗಿಸಿದಳು.

“ಈಗ ಮಗಳು ಕೇಳ್ಲಿ” ಎಂದರು ಮಿಸ್.

ನನ್ನ ಕೈಯಲ್ಲಿದ್ದದ್ದು ಒಂದೇ ಪ್ರಶ್ನೆ. “ಹಾಲುತೊಂಡೆ ಬಂದ್ರೆ ಏನ್ ಮಾಡ್ತೀರಾ?”

“ಕೆಟ್ಟಿದ್ದನ್ನ ಆರಿಸಿ ಹೂಳ್ತೀವಿ ಕಂದಾ. ಉಳಿದವಕ್ಕೆ ಸೊಪ್ಪು ಹಾಕ್ತೀವಿ. ಇನ್ನೇನ್ ಮಾಡಕಾಗ್ತೈತೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಬೆಳೆ ಉಳಿಯಲಿಲ್ಲ. ಕೊನೆಯ ತಟ್ಟೆಯನ್ನೂ ಗುಂಡಿಗೆ ಸುರಿದ ಸಂಜೆ ಮನೆಯಲ್ಲಿ ಯಾರೂ ಮುದ್ದೆ ಮುಟ್ಟಲಿಲ್ಲ. “ದಿಷ್ಟಿ ತಗಿಲಿಂದಿ” ಎಂದರು ಅಜ್ಜಿ, ತೆಲುಗಿನಲ್ಲಿ, ಕಣ್ಣು ತಾಗಿತು ಅಂತ. ಅದು ವೈರಸ್, ಮೊದಲೇ ಬಂದಿತ್ತು ಎಂದು ನಾನು ಮೊಬೈಲು ಹಿಡಿದು ಒಬ್ಬೊಬ್ಬರ ಮುಂದೂ ಓಡಾಡಿದೆ. ಯಾರೂ ಅಲ್ಲವೆನ್ನಲಿಲ್ಲ, ಯಾರೂ ನೋಡಲೂ ಇಲ್ಲ. ನನ್ನ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು.

ಅಮ್ಮ ಮತ್ತೆ ಹುಳು ಸಾಕಲಿಲ್ಲ. ಹಸಿ ಸೊಪ್ಪಿನ ಆ ವಾಸನೆ, ಸೋನೆ ಹಿಡಿದಂತೆ ಹುಳು ಮೇಯುವ ಸದ್ದು, “ಬಾರೇ, ಹೆಂಗೆ ಮೇಯ್ತಾವೆ ನೋಡು” ಎಂದು ಕೈಹಿಡಿದು ಎಳೆಯುತ್ತಿದ್ದ ಅಮ್ಮ, ಎಲ್ಲ ಆ ಗುಂಡಿಗೇ ಹೋದವು. ಈಗ ನಾನು ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದೇನೆ. ದಿನಾ ಸಂಜೆ ವಿಡಿಯೊ ಕಾಲು.

“ಯಾಕಮ್ಮ, ಮುಖ ಬಾಡೈತೆ?”

“ಏನಿಲ್ಲ ಕಂದಾ” ಎಂದು ನಕ್ಕು, ಅಮ್ಮ ಫೋನನ್ನು ಮೆಲ್ಲಗೆ ಅಂಗಳದ ಕಡೆ ತಿರುಗಿಸುತ್ತಾಳೆ.