ಅಯ್ಯಣ್ಣನ ಮೂಗು, ಅಪ್ಪನ ಹಂಡೆ

ಶಹಾಪುರದ ಅಯ್ಯಣ್ಣನಿಗೆ ಮೂಗೇ ಆಸ್ತಿ. ಯಾವ ಎಣ್ಣೆ ಕೊಟ್ಟರೂ ಮೂಸಿ, ಅದರಲ್ಲಿ ಏನೇನಿದೆಯೆಂದು ಹೇಳಿಬಿಡುತ್ತಿದ್ದ. ಜಾಜಿಕಾಯಿ ಎಣ್ಣೆ ಇಳಿಸುವುದರಲ್ಲಂತೂ ಸುರಪುರದವರೆಗೂ ಅವನದೇ ಹೆಸರು. ಇಂಥ ಮಹಾಮೂಗಿನವನು ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ: ಅವನ ಎಣ್ಣೆಯಲ್ಲಿ, ಅವನ ಮೂಗಿಗಷ್ಟೇ ತಿಳಿಯುವಂತೆ, ತಾರ್ಪಿನ್ ವಾಸನೆ ಬರುತ್ತಿತ್ತು. ಬಾಗಿಲಿಗೆ ಬಳಿಯುವ ಬಣ್ಣಕ್ಕೆ ಕಲಸುತ್ತಾರಲ್ಲ, ಅದೇ!

ತಪ್ಪೆಲ್ಲ ಅಪ್ಪನ ಮೇಲೆ. ತೀರಿಹೋದ ಮರಿಲಿಂಗಪ್ಪ ಮಹಾ ಜಿಪುಣ. ಎಣ್ಣೆ ಇಳಿಸುವ ಭಟ್ಟಿಯ ತಾಮ್ರದ ಹಂಡೆಯನ್ನು ಯಾವುದೋ ಬಣ್ಣದಂಗಡಿಯಿಂದ ಅಗ್ಗಕ್ಕೆ ತಂದಿರಬೇಕೆಂದು ಮಗ ತಾನೇ ತೀರ್ಮಾನಿಸಿದ್ದ. ಹೀಗಾಗಿ ಪ್ರತಿ ಅಮಾವಾಸ್ಯೆಗೂ ಆ ಹಂಡೆ ಹೆಂಡತಿ ಚಂದಮ್ಮನ ಮುಂದೆ ಬಂದು ಕೂರುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ಆಕೆ ಇಪ್ಪತ್ತು ವರ್ಷ ತಿಕ್ಕಿದಳು. ಯಾಕೆಂದು ಕೇಳಿದರೆ, "ನಮ್ಮಪ್ಪನ ಕಾಲದ ಪದ್ಧತಿ" ಎನ್ನುತ್ತಿದ್ದ. ಹಂಡೆ ತೆಳ್ಳಗಾಯಿತು, ವಾಸನೆ ಹೋಗಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು ನಾಲ್ಕು ವರ್ಷವಾಗಿತ್ತು. ಯಾದಗಿರಿಯ ಒಂದು ಹೊಸ ದವಾಖಾನೆಯವರು ಅವನ ಎಣ್ಣೆ ಕೊಳ್ಳುತ್ತೇವೆಂದರು, ಆದರೆ ಮೊದಲು ಪರೀಕ್ಷೆ. ಹೈದರಾಬಾದಿನ ರಸಾಯನ ಪರೀಕ್ಷಕ ನಸೀರುದ್ದೀನ ಸಾಹೇಬರು ಬಂದು ಒಂದು ಸೀಸೆ ಒಯ್ದರು. ಬೆರಕೆ ಎಂದುಬಿಟ್ಟರೆ ಅಂಗಡಿಗೆ ಬೀಗ, ಅಪ್ಪನ ಹೆಸರಿಗೆ ಮಸಿ.

ತಿಂಗಳಾದ ಮೇಲೆ ಸಾಹೇಬರು ಎರಡು ಪುಟ್ಟ ಸೀಸೆ ತಂದು ಅಂಗಡಿಯ ಕಟ್ಟೆಯ ಮೇಲಿಟ್ಟರು.

"ನಿಮ್ಮ ಎಣ್ಣಿ ಕಾಸಿ ಪಾಲ ಪಾಲ ಬಿಡಿಸೀನಿ. ಮೂಸಿ ನೋಡ್ರಿ."

ಮೊದಲನೆಯದನ್ನು ಮೂಸಿದವನೇ ಅಯ್ಯಣ್ಣ ಬೆವೆತುಹೋದ.

"ತಾರ್ಪಿನ್ ಐತ್ರಿ! ನಮ್ಮಪ್ಪ ತಂದ ಹಂಡ್ಯಾಂದು. ಸತ್ತಾವನ್ನ ಬಿಡ್ರಿ ಸಾಹೇಬ್ರ, ನನ್ನ ಜೇಲಿಗಿ ಹಾಕ್ರಿ!"

ಸಾಹೇಬರು ಬಿದ್ದು ಬಿದ್ದು ನಕ್ಕರು.

"ಅರೆ, ಇದರ ಹೆಸರು ಪೈನೀನ್. ತಾರ್ಪಿನ್‌ದಾಗೂ ಇರ್ತದ, ಜಾಜಿಕಾಯ್ದಾಗ ಹುಟ್ಟಿದಾಗಿಂದ ಇರ್ತದ. ನಾನು ಬ್ಯಾರೆ ಕಾಯಿ ತಂದು, ಹೊಸ ಗಾಜಿನ ಬುಡ್ಡ್ಯಾಗ ಇಳಿಸಿದ್ರೂ ಇದೇ ಬಂತು. ಎರಡನೇದು ಮಿರಿಸ್ಟಿಸಿನ್, ಅದೂ ಕಾಯಿದೇ. ನಿಮ್ಮ ಎಣ್ಣಿ ಖರೇ ಎಣ್ಣಿ. ಹಂಡಿ ಏನ್ ಪಾಪ ಮಾಡ್ಯದ?"

ಅಯ್ಯಣ್ಣನಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷ ಮನಸ್ಸಿನಲ್ಲೇ ಅಪ್ಪನನ್ನು ಬೈದಿದ್ದನಲ್ಲ! ಓಡಿಹೋಗಿ, "ಎಪ್ಪಾ, ತಪ್ಪಾತು," ಎಂದು ಹಂಡೆಗೇ ಕೈಮುಗಿದ.

ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಚಂದಮ್ಮ ಬಂದಳು. "ಹಂಡಿಗಿ ಆಮ್ಯಾಲ ಕೈ ಮುಗೀರಿ. ಮೊದಲ ಇವನ್ನ ನೋಡ್ರಿ," ಎಂದು ಹುಳಿಗೆ ಬಿರಿದ ಅಂಗೈಗಳನ್ನು ಅವನ ಮುಂದೆ ಹಿಡಿದಳು.

ಊರಿಗೆಲ್ಲ ಎಣ್ಣೆ ಮಾರಿದವನು ಅಂದು ಮೊದಲ ಸಲ ಹೆಂಡತಿಯ ಕೈಗೆ ಎಣ್ಣೆ ಹಚ್ಚಿದ. ಮುಂದಿನ ಅಮಾವಾಸ್ಯೆಗೆ ಹುಣಸೆಹಣ್ಣು ಹಿಡಿದು ಹಂಡೆಯ ಮುಂದೆ ಕೂತವನೂ ಅವನೇ. ತಿಕ್ಕುವ ಅಗತ್ಯ ಎಳ್ಳಷ್ಟೂ ಇರಲಿಲ್ಲ, ಚಂದಮ್ಮ ತಿಕ್ಕಿಸಿದಳು.